ಅವ್ವನ ಜೊತೆ ವಿಯೆಟ್ನಾಂಗೆ ಹೊರಟಿದ್ದೇವೆ, ಅಲ್ಲಿಯ ಮಾರ್ಕೆಟ್‌ನಲ್ಲಿ ಕಾಯಿಪಲ್ಯ ತರೋದು ಹೇಗೆ?

ಕೇಶ್ವಾಪುರದವ:

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯವರು. 2027ರ ಜನವರಿ 30ಕ್ಕೆ ಅವ್ವ, ಅಪ್ಪ, ನಾನು, ನನ್ನ ಹೆಂಡತಿ ಸೇರಿ ವಿಯೆಟ್ನಾಂಗೆ ಹೊರಟಿದ್ದೇವೆ. ಮೊದಲು ಹನೋಯ್, ಅಲ್ಲಿಂದ ಹೊಯ್ ಆನ್, ಕೊನೆಗೆ ಹೋ ಚಿ ಮಿನ್ ಸಿಟಿ. ಫೆಬ್ರುವರಿ 9ಕ್ಕೆ ವಾಪಸ್. ಟಿಕೆಟ್ ಆಗಿದೆ, ರೂಮ್ ಆಗಿದೆ. ಇ-ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ, 25 ಡಾಲರ್, ಅದೂ ತೊಂದರೆ ಇಲ್ಲ. ತಲೆಬಿಸಿ ಇರೋದು ಒಂದೇ, ಅವ್ವನ ಊಟ.

ಅವ್ವ ಮೊಟ್ಟೆ ಕೂಡ ಮುಟ್ಟುವವಳಲ್ಲ. ಹೋಟೆಲ್‌ನವರು ವೆಜ್ ವೆಜ್ ಅಂತ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ಒಳಗೆ ಯಾವ ಸೌಟು ಹಾಕಿದರೋ ಯಾರು ಕಂಡರು ಅನ್ನುತ್ತಾಳೆ. ಅದಕ್ಕೇ ಮೂರೂ ಊರಲ್ಲಿ ಸಣ್ಣ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದಿದ್ದೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಹೇಗೂ ಒಯ್ಯುತ್ತೇವೆ. ಬಿಸಿ ಅನ್ನ, ಒಂದು ಪಲ್ಯ, ಒಂದು ಸಾರು ಅಲ್ಲೇ ಮಾಡಿಕೊಂಡರಾಯ್ತು ಅನ್ನೋದು ಅವಳ ಲೆಕ್ಕ.

ಇನ್ನೊಂದು ವಿಷಯ. ಅವ್ವನಿಗೆ ಮಾರ್ಕೆಟ್ ಅಂದ್ರೆ ಹುಚ್ಚು. ಜನತಾ ಬಜಾರ್‌ನಲ್ಲಿ ಬದನೆಕಾಯಿ ಒಂದೊಂದೇ ತಿರುವಿ, ತೊಟ್ಟು ನೋಡಿ, ಅರ್ಧ ಬುಟ್ಟಿ ಮೇಲೆ ಕೆಳಗೆ ಮಾಡಿ ನಾಲ್ಕು ಆರಿಸುತ್ತಾಳೆ. ರೇಟಿನಲ್ಲಿ ಎರಡು ರೂಪಾಯಿ ಬಿಡಿಸದಿದ್ದರೆ ಆ ದಿನ ನಿದ್ದೆ ಇಲ್ಲ. ‘ಅಲ್ಲಿ ಸಂತಿಗೆ ನಾನೇ ಹೋಗ್ತೀನಿ, ನೀ ಬರೇ ಚೀಲ ಹಿಡಿ’ ಅಂತ ಈಗಲೇ ಹೇಳಿಬಿಟ್ಟಿದ್ದಾಳೆ. ಅವಳಿಗೆ ಬರೋದು ಕನ್ನಡ, ಸ್ವಲ್ಪ ಹಿಂದಿ, ಅಷ್ಟೇ.

ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ. ನಮ್ಮ ಕಾಯಿಪಲ್ಯ ಅಲ್ಲಿ ಸಿಗುತ್ತದಾ? ಯಾವ ಮಾರ್ಕೆಟ್‌ಗೆ ಹೋಗಬೇಕು? ಚೌಕಾಸಿ ಮಾಡಬಹುದಾ? ಮೀನು ಮಾಂಸದ ಸಾಲು ದಾಟದೆ ಒಳಗೆ ಹೋಗೋಕೆ ದಾರಿ ಇದೆಯಾ? ಮನೆಯಿಂದ ಏನು ಒಯ್ಯಲೇಬೇಕು?

ಉಣಕಲ್ ಕೆರೆ:

ಸುಮ್ನೆ ಯಾಕೆ ಕಷ್ಟ ಪಡ್ತೀರಿ? ರೆಡಿ ಉಪ್ಪಿಟ್ಟು, ರೆಡಿ ಪುಳಿಯೋಗರೆ ಪ್ಯಾಕೆಟ್ ತುಂಬಿಕೊಂಡು ಹೋಗಿ. ಬಿಸಿ ನೀರು ಹಾಕಿದರೆ ಮುಗೀತು. ನಾವು ಥಾಯ್ಲೆಂಡ್‌ಗೆ ಹೋದಾಗ ಹಾಗೇ ಮಾಡಿದ್ದು. ಆ ಕಡೆಯ ಮಾರ್ಕೆಟ್ ವಾಸನೆಗೆ ವಯಸ್ಸಾದವರು ಒಂದು ನಿಮಿಷ ನಿಲ್ಲೋದಿಲ್ಲ. ಬೇಕಾದರೆ ಬಾಳೆಹಣ್ಣು ತಗೊಳ್ಳಿ, ಸಾಕು.

ಧಾರವಾಡದಕ್ಕ:

ಪ್ಯಾಕೆಟ್ ತಿನ್ನೋಕೆ ಅಷ್ಟು ದೂರ ಯಾಕೆ ಹೋಗಬೇಕು ಹೇಳಿ? ಕೇಶ್ವಾಪುರದ ತಮ್ಮಾ, ನಿಮ್ಮ ಅವ್ವಾರನ್ನು ಧೈರ್ಯವಾಗಿ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ. ಆ ದೇಶದಲ್ಲಿ ಅವರಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸೋದು ಅದೇ ಆಗುತ್ತದೆ, ನೋಡ್ತಾ ಇರಿ.

ಯಜಮಾನರ ಕೆಲಸದ ಸಲುವಾಗಿ ನಾವು ಕೆಲವು ವರ್ಷ ಹೋ ಚಿ ಮಿನ್ ಸಿಟಿಯಲ್ಲಿ ಇದ್ದೆವು. ಅಲ್ಲಿಯ ಜನ ಮಾತಿನಲ್ಲಿ ಈಗಲೂ ಸೈಗಾನ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನಮ್ಮದೂ ಮೊಟ್ಟೆ ಬಾರದ ಮನೆ. ಹೀಗಾಗಿ ಬೆಳಗಾದರೆ ಚೀಲ ಹಿಡಿದು ಮಾರ್ಕೆಟ್‌ಗೆ ಹೋಗೋದು ನನ್ನ ಪಾಲಿನ ಕೆಲಸ ಆಗಿತ್ತು.

ಮೊದಲು ನಿಮ್ಮ ತಾರೀಖು ನೋಡಿ ನನಗೆ ಗಾಬರಿ ಆಯ್ತು. 2027ರಲ್ಲಿ ಅವರ ಟೆಟ್ ಹಬ್ಬ ಫೆಬ್ರುವರಿ 6ಕ್ಕೆ ಬಂದಿದೆ. ಅದು ಅವರ ಹೊಸ ವರ್ಷ, ವರ್ಷದಲ್ಲೇ ದೊಡ್ಡ ಹಬ್ಬ. ಹಬ್ಬದ ದಿನ, ಮರುದಿನ, ಮೂರನೇ ದಿನ ಮಾರ್ಕೆಟ್ ಹೆಚ್ಚುಕಮ್ಮಿ ಖಾಲಿ. ದುಡಿಯೋಕೆ ಬಂದವರೆಲ್ಲ ಊರಿಗೆ ಹೋಗಿರುತ್ತಾರೆ. ನೀವು ಸರಿಯಾಗಿ ಆಗಲೇ ಸೈಗಾನ್‌ನಲ್ಲಿ ಇರುತ್ತೀರಿ. ಹೆದರಬೇಡಿ, ಬರೀ ಲೆಕ್ಕ ಇಟ್ಟುಕೊಳ್ಳಿ. 4ನೇ ತಾರೀಖಿನ ಒಳಗೆ ಅಕ್ಕಿ, ಬೇಳೆ, ಕಾಯಿಪಲ್ಯ, ಹಾಲು ತಂದು ಫ್ರಿಜ್‌ನಲ್ಲಿ ಇಟ್ಟುಬಿಡಿ. ಹಿಂದಿನ ವಾರ ಬೆಲೆಯೂ ಏರಿರುತ್ತದೆ, ಅದಕ್ಕೆ ಏನೂ ಮಾಡೋಕಾಗಲ್ಲ. ಆದರೆ ಆ ವಾರದ ಮಾರ್ಕೆಟ್ ನೋಡೋಕೆ ಪುಣ್ಯ ಬೇಕು. ಹನೋಯ್ ಕಡೆ ನಸುಗೆಂಪು ಪೀಚ್ ಹೂವಿನ ಕೊಂಬೆ, ಸೈಗಾನ್ ಕಡೆ ಹಳದಿ ಹೂವಿನ ಗಿಡ. ಕುಂಡದಲ್ಲಿ ಸಣ್ಣ ಕಿತ್ತಳೆ ಜೋತಾಡುವ ಗಿಡವನ್ನು ಸ್ಕೂಟರ್ ಹಿಂದೆ ನಿಲ್ಲಿಸಿ ಕಟ್ಟಿಕೊಂಡು ಹೋಗುತ್ತಾರೆ. ಹಿಂದಿನಿಂದ ನೋಡಿದರೆ ಗಿಡವೇ ಗಾಡಿ ಓಡಿಸುತ್ತಿದೆ ಅನ್ನಿಸುತ್ತದೆ.

ಆ ವಾರ ಒಂದು ವಿಷಯಕ್ಕೆ ಹುಷಾರಾಗಿರಿ. ಎಲ್ಲಾ ಕಡೆ ಹಸಿರು ಎಲೆಯಲ್ಲಿ ಚೌಕಾಕಾರ ಸುತ್ತಿ, ದಾರ ಕಟ್ಟಿ, ಬೇಯಿಸಿದ ಒಂದು ತಿಂಡಿ ಪೇರಿಸಿಟ್ಟಿರುತ್ತಾರೆ. ಹೆಸರು ಬಾನ್ ಚುಂಗ್. ನೋಡಿದರೆ ಎಲೆ ಕಡುಬೇ. ಒಳಗೆ ಅಂಟಕ್ಕಿ, ಹೆಸರುಬೇಳೆ, ಅದರ ನಡುವೆ ಹಂದಿ ಮಾಂಸ. ಸಸ್ಯಾಹಾರದ್ದೂ ಮಾಡುತ್ತಾರೆ, ಆದರೆ ಕೇಳಿ ಖಾತ್ರಿ ಮಾಡಿಕೊಳ್ಳದೆ ಮುಟ್ಟಬೇಡಿ. ಅವ್ವಾರು ಕಡುಬು ಅಂದುಕೊಂಡು ಕೈ ಹಾಕಿಯಾರು.

ಈಗ ಕಾಯಿಪಲ್ಯ. ಹೀರೇಕಾಯಿ, ಹಾಗಲಕಾಯಿ, ಸೋರೆಕಾಯಿ, ಅಲಸಂದಿಕಾಯಿ, ಬದನೆಕಾಯಿ, ಸೌತೆಕಾಯಿ, ಮೂಲಂಗಿ, ಕುಂಬಳ, ಗೆಣಸು, ಟೊಮೆಟೊ, ಬಾಳೆಹೂವು ಎಲ್ಲಾ ಸಿಗುತ್ತದೆ. ಬೆಂಡೆಕಾಯಿ ದಕ್ಷಿಣದಲ್ಲಿ ಜಾಸ್ತಿ. ಬದನೆ ಉದ್ದನೆಯದು ಇದೆ, ಗೋಲಿ ಗಾತ್ರದ ಬಿಳಿಯದೂ ಇದೆ. ಆ ಬಿಳಿಯದನ್ನು ಅವರು ಉಪ್ಪಿನಲ್ಲಿ ಹಾಕಿಡುತ್ತಾರೆ, ಎಣಗಾಯಿಗೆ ಬರೋದಿಲ್ಲ, ಉದ್ದದ್ದನ್ನೇ ತಗೊಳ್ಳಿ. ಕೊತ್ತಂಬರಿ, ಪುದೀನಾ, ಹಸಿ ಶುಂಠಿ, ಹಸಿ ಅರಿಶಿನ, ಹುಣಸೆಹಣ್ಣು, ಬಳ್ಳೊಳ್ಳಿ ಧಾರಾಳ. ಉಳ್ಳಾಗಡ್ಡಿ ಸಣ್ಣದು ಜಾಸ್ತಿ. ಸೊಪ್ಪಿನಲ್ಲಿ ನೀರಲ್ಲಿ ಬೆಳೆಯುವ ಟೊಳ್ಳು ದಂಟಿನ ಒಂದು ಸೊಪ್ಪು ಇದೆ, ಎಲ್ಲಾ ಮನೆಯಲ್ಲೂ ದಿನಾ ಅದೇ. ಬಳ್ಳೊಳ್ಳಿ ಒಗ್ಗರಣೆ ಹಾಕಿ ಬಾಡಿಸಿದರೆ ಖಡಕ್ ರೊಟ್ಟಿಗೆ ಭಾಳ ಚಲೋ.

ಸಿಪ್ಪೆ ತೆಗೆದು ಒಡೆದ ಹೆಸರುಬೇಳೆ ಎಲ್ಲಾ ಕಿರಾಣಿ ಸಾಲಿನಲ್ಲೂ ಇರುತ್ತದೆ, ಅವರು ಅದನ್ನು ಸಿಹಿಗೆ ಬಳಸುತ್ತಾರೆ. ನಿಮ್ಮ ಸಾರು ಅಲ್ಲಿಗೆ ಮುಗೀತು. ತೊಗರಿಬೇಳೆ ಸಾದಾ ಮಾರ್ಕೆಟ್‌ನಲ್ಲಿ ಹುಡುಕಬೇಡಿ. ಶೇಂಗಾ, ಎಳ್ಳು ಹುರಿದದ್ದೇ ಸಿಗುತ್ತದೆ. ಅಕ್ಕಿ ಮಾತ್ರ ಮೆತ್ತಗೆ, ಘಮಘಮ, ಸ್ವಲ್ಪ ಅಂಟು. ಅವರ ಎಸ್‌ಟಿ 25 ಅನ್ನೋ ಅಕ್ಕಿ 2019ರಲ್ಲಿ ಜಗತ್ತಿನಲ್ಲೇ ಒಳ್ಳೆಯ ಅಕ್ಕಿ ಅಂತ ಬಹುಮಾನ ಗೆದ್ದಿತ್ತು, ಅದರ ಬಗ್ಗೆ ಅವರಿಗೆ ಭಾರಿ ಹೆಮ್ಮೆ. ನಮ್ಮ ಸೋನಾ ಮಸೂರಿಗೆ ಇಡುವಷ್ಟು ನೀರು ಇಟ್ಟರೆ ಮುದ್ದೆ ಆಗುತ್ತದೆ. ನೀರು ಕಮ್ಮಿ ಇಡಿ.

ಒಯ್ಯಬೇಕಾದ್ದು ಒಗ್ಗರಣೆ ಡಬ್ಬಿ. ಸಾಸಿವೆ, ಜೀರಿಗೆ, ಇಂಗು, ಅರಿಶಿನ ಪುಡಿ, ಕರಿಬೇವು ಒಣಗಿಸಿದ್ದು, ನಿಮ್ಮ ಮನೆ ಮಸಾಲಿ ಖಾರ. ಸಾದಾ ಉಪ್ಪನ್ನೂ ಒಂದು ಸಣ್ಣ ಪ್ಯಾಕೆಟ್ ಇಟ್ಟುಕೊಳ್ಳಿ. ಯಾಕೆ ಅಂದ್ರೆ, ಅಪಾರ್ಟ್‌ಮೆಂಟ್ ಅಡುಗೆಮನೆಯಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ಹಳದಿ ಬಣ್ಣದ ರವೆಯಂಥ ಪುಡಿ ಇರಬಹುದು. ಅದು ಸಾರಿಗೆ ರುಚಿ ಹಾಕುವ ಪುಡಿ, ಸಾಮಾನ್ಯವಾಗಿ ಹಂದಿ ಎಲುಬಿನ ಸಾರದ್ದು. ಕೆಲವು ಪ್ಯಾಕೆಟ್ ಮೇಲೆ ಚಿತ್ರವೂ ಇರುತ್ತದೆ. ಅಣಬೆಯಿಂದ ಮಾಡಿದ್ದೂ ಸಿಗುತ್ತದೆ, ಆದರೂ ನಿಮಗೆ ಬೇಡ ಬಿಡಿ. ಹೊರಗೆ ಬರೀ ಸೊಪ್ಪಿನ ಪಲ್ಯ ಅಂತ ತಂದುಕೊಟ್ಟದ್ದರಲ್ಲೂ ಈ ಪುಡಿ ಇರುತ್ತದೆ, ಇಲ್ಲವೇ ಮೀನಿನ ಸಾಸ್ ಇರುತ್ತದೆ. ಅವರ ಮಟ್ಟಿಗೆ ಅದು ಉಪ್ಪಿದ್ದ ಹಾಗೆ, ಮಾಂಸದ ಲೆಕ್ಕಕ್ಕೇ ಬರಲ್ಲ. ಅಡುಗೆ ಮಾಡಿದ್ದನ್ನು ಕೊಳ್ಳೋದಾದರೆ ‘ಚಾಯ್’ ಅಂತ ಬೋರ್ಡ್ ಇರುವ ಅಂಗಡಿಗೇ ಹೋಗಿ. ಅದು ಬೌದ್ಧರ ಸಸ್ಯಾಹಾರದ ಊಟ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬಹಳ ಮನೆಗಳಲ್ಲಿ ಮಾಂಸ ಮಾಡೋದಿಲ್ಲ, ಆ ದಿನ ಇಂಥ ಅಂಗಡಿ ಮುಂದೆ ಜನವೋ ಜನ. ಒಂದು ಮಾತು, ಅಲ್ಲಿ ಸೋಯಾದಲ್ಲಿ ಕೋಳಿ ಕಾಲು, ಸಿಗಡಿ ಆಕಾರ ಎಲ್ಲಾ ಮಾಡಿಟ್ಟಿರುತ್ತಾರೆ. ನನ್ನ ಅತ್ತೆಯವರು ಬಂದಾಗ ತಟ್ಟೆ ನೋಡಿ ಎದ್ದೇಬಿಟ್ಟರು. ಮೊದಲೇ ಹೇಳಿಟ್ಟಿರಿ.

ನಾನು ತಪ್ಪದೆ ಹೋಗುತ್ತಿದ್ದದ್ದು ತೋಫು, ಅಂದರೆ ಸೋಯಾ ಹಾಲಿನ ಪನೀರ್, ಮಾರುವ ಅಂಗಡಿಗೆ. ಅಂಗಡಿ ಅಂದರೆ ಒಂದು ಅಲ್ಯೂಮಿನಿಯಂ ಬೋಗುಣಿ, ಒಂದು ಹಲಗೆ, ಅಂಗೈ ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತ ಒಬ್ಬ ಅಜ್ಜಿ. ಬೆಳಗ್ಗೆ ಆರಕ್ಕೆ ಹೋದರೆ ಬಟ್ಟೆ ಸರಿಸಿ ತೆಗೆಯುವಾಗ ಇನ್ನೂ ಹಬೆ ಏಳುತ್ತಿರುತ್ತದೆ. ಮೇಲೆ ಬಟ್ಟೆಯ ಎಳೆಯ ಗುರುತು ಮೂಡಿರುತ್ತದೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಉಬ್ಬಬೇಕು. ಹುಳಿ ವಾಸನೆ ಬಂದರೆ ನಿನ್ನೆಯದು. ಪಕ್ಕದಲ್ಲೇ ಕರಿದದ್ದೂ ಇಟ್ಟಿರುತ್ತಾರೆ, ಅದರ ಎಣ್ಣೆಯಲ್ಲಿ ಇನ್ನೇನು ಕರಿದಿರುತ್ತಾರೋ, ಬಿಳಿಯದನ್ನೇ ತಗೊಳ್ಳಿ. ಮನೆಗೆ ತಂದು ಸ್ವಲ್ಪ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಎಣಗಾಯಿ ಮಸಾಲೆಗೆ ಹಾಕಿ. ಶೇಂಗಾ ಪುಡಿ, ಖಾರ, ಹುಣಸೆ. ನಮ್ಮ ಮನೆಯಲ್ಲಿ ಈಗಲೂ ಮಾಡುತ್ತೇವೆ, ಆದರೆ ಧಾರವಾಡದಲ್ಲಿ ಸಿಗುವ ಪ್ಯಾಕೆಟ್ ತೋಫು ರಬ್ಬರ್.

ಬೆಳಗ್ಗೆ ಬೇಗ ಹೋಗಿ, ಆರು ಆರೂವರೆಗೆ. ಒಂಬತ್ತರ ಮೇಲೆ ಬಿಸಿಲು, ಬಾಡಿದ ಸೊಪ್ಪು. ಆದರೆ ಅಷ್ಟು ಬೇಗ ಹೋದರೆ ಒಂದು ಶಿಸ್ತು ಪಾಲಿಸಬೇಕು. ಅವರಲ್ಲೂ ಬೋಣಿ ನಂಬಿಕೆ ಇದೆ, ನಮಗಿಂತ ಗಟ್ಟಿ. ಮೊದಲ ಗಿರಾಕಿ ಬೆಲೆ ಕೇಳಿ, ಎಲ್ಲಾ ಮುಟ್ಟಿ, ಏನೂ ತಗೊಳ್ಳದೆ ಹೋದರೆ ದಿನವೆಲ್ಲ ವ್ಯಾಪಾರ ಹಾಳು ಅನ್ನುತ್ತಾರೆ. ಕೆಲವರು ಆಮೇಲೆ ಒಂದು ಕಾಗದಕ್ಕೆ ಬೆಂಕಿ ಹಚ್ಚಿ ಸಾಮಾನಿನ ಮೇಲೆ ಆಡಿಸುತ್ತಾರೆ, ದೃಷ್ಟಿ ತೆಗೆಯೋಕೆ. ಒಮ್ಮೆ ನನ್ನ ಕಣ್ಣೆದುರೇ ನಡೆಯಿತು. ಯಾರೋ ಇಬ್ಬರು ಪ್ರವಾಸಿಗರು ಮಾವು ಒತ್ತಿ ಒತ್ತಿ ನೋಡಿ, ಫೋಟೋ ತೆಗೆದು, ನಗುತ್ತಾ ಹೋದರು. ಆಕೆ ಮುಖ ಗಂಟು ಹಾಕಿ ಹಳೇ ಪೇಪರ್ ಹಚ್ಚಿದಳು. ಪಕ್ಕದವಳು ಏನೋ ಬೈದಳು, ಪ್ರವಾಸಿಗರಿಗೆ ಗೊತ್ತೇ ಆಗಲಿಲ್ಲ. ಹಾಗಾಗಿ ಅವ್ವಾರ ಬುಟ್ಟಿ ಮೇಲೆ ಕೆಳಗೆ ಮಾಡುವ ಕಾರ್ಯಕ್ರಮ ಏಳು ಗಂಟೆ ಮೇಲೆ ಇಟ್ಟುಕೊಳ್ಳಲಿ. ಆರಿಸಿಕೊಳ್ಳೋಕೆ ಯಾರೂ ಬೇಡ ಅನ್ನೋದಿಲ್ಲ, ಬುಟ್ಟಿ ಅವರೇ ಕೈಗೆ ಕೊಡುತ್ತಾರೆ.

ಇನ್ನು ಚೌಕಾಸಿ. ಭಾಷೆ ಬೇಕಾಗಿಲ್ಲ. ಅವರು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸುತ್ತಾರೆ, ನೀವು ಒತ್ತಿ ತೋರಿಸಿ. ಓಣಿ ಮಾರ್ಕೆಟ್‌ನಲ್ಲಿ ಸೊಪ್ಪು ತರಕಾರಿಗೆ ಹೆಚ್ಚು ಬಿಡೋದಿಲ್ಲ, ಬದಲಿಗೆ ನಾಲ್ಕು ಮೆಣಸಿನಕಾಯಿ, ಒಂದು ಕಡ್ಡಿ ಕೊತ್ತಂಬರಿ ಮೇಲೆ ಹಾಕುತ್ತಾರೆ. ಪ್ರವಾಸಿಗರ ಮಾರ್ಕೆಟ್‌ನಲ್ಲಿ ಮಾತ್ರ ಚೆನ್ನಾಗಿ ಎಳೆದಾಡಬಹುದು. ಬೆಲೆಯಲ್ಲಿ ಮೂರು ಸೊನ್ನೆ ನುಂಗಿಬಿಡುತ್ತಾರೆ, ಬೋರ್ಡ್ ಮೇಲೆ 30 ಅಂತಿದ್ದರೆ 30,000 ಡಾಂಗ್. ಈಗಿನ ಲೆಕ್ಕದಲ್ಲಿ ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್, ಅಂದರೆ ಅದು ನೂರು ರೂಪಾಯಿ ಆಸುಪಾಸು. ಅವ್ವಾರಿಗೆ ಇಷ್ಟು ಹೇಳಿ ಸಾಕು: ಬೋರ್ಡ್ ಮೇಲಿನ ಅಂಕಿಯನ್ನು ಮೂರೂವರೆಯಿಂದ ಗುಣಿಸಿದರೆ ರೂಪಾಯಿ. ಸ್ವಲ್ಪ ಜಾಸ್ತಿ ಬರುತ್ತದೆ, ಅದು ಅವರಿಗೆ ಒಳ್ಳೆಯದೇ.

ನೋಟಿನ ವಿಷಯ ಇದಕ್ಕಿಂತ ಮುಖ್ಯ. 20,000 ನೋಟೂ ನೀಲಿ, 5,00,000 ನೋಟೂ ನೀಲಿ. ಸಂದಿಯ ಮಬ್ಬು ಬೆಳಕಲ್ಲಿ, ಕೈ ಒದ್ದೆ ಇದ್ದಾಗ, ಇಪ್ಪತ್ತರ ಬದಲು ಐದು ಲಕ್ಷ ಕೊಟ್ಟುಬಿಡೋದು ಸುಲಭ. 5,00,000 ಅಂದರೆ ಸಾವಿರದ ಆರುನೂರು ರೂಪಾಯಿಗಿಂತ ಮೇಲೆ. ಮಾರ್ಕೆಟ್‌ಗೆ ಹೋಗುವಾಗ ದೊಡ್ಡ ನೋಟು ಬೇರೆ ಕಿಸೆಯಲ್ಲಿ ಇಡಿ. ಅವ್ವಾರ ಪರ್ಸ್‌ನಲ್ಲಿ 10,000, 20,000, 50,000 ಅಷ್ಟೇ ಇರಲಿ.

ಯಾವ ಮಾರ್ಕೆಟ್ ಅಂದರೆ, ಸೈಗಾನ್‌ನಲ್ಲಿ ಬೆನ್ ಥಾನ್ ನೋಡಲೇಬೇಕು. 1914ರ ಕಟ್ಟಡ, ಮುಂದೆ ಗಡಿಯಾರದ ಗೋಪುರ. ಗಡಿಯಾರದ ಬಾಗಿಲಲ್ಲಿ ಹೋದರೆ ಬಟ್ಟೆ, ಒಣ ಪದಾರ್ಥ. ಹಿಂದಿನ ಬಾಗಿಲ ಕಡೆ ಹಣ್ಣು, ಹೂವು. ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಮಾರಿಯಮ್ಮನ ಗುಡಿ ಇದೆ, ಹಿಂದೆ ತಮಿಳರು ಕಟ್ಟಿಸಿದ್ದು. ಈಗ ಊದಿನಕಡ್ಡಿ ಹಿಡಿದು ಕೈ ಮುಗಿಯೋರಲ್ಲಿ ಅಲ್ಲಿಯ ಜನರೇ ಜಾಸ್ತಿ. ಹಿಂದಿನ ಬಾಗಿಲಲ್ಲಿ ಹೂವು ಕೊಂಡು ಗುಡಿಗೆ ಹೋಗಿ ಬಂದರೆ ಅವ್ವಾರ ಅರ್ಧ ದಿನ ಆಯ್ತು. ಆದರೆ ದಿನದ ಕಾಯಿಪಲ್ಯಕ್ಕೆ ಅದು ಬೇಡ. ನಿಮ್ಮ ಅಪಾರ್ಟ್‌ಮೆಂಟ್ ಹತ್ತಿರದ ಓಣಿ ಮಾರ್ಕೆಟ್ ಯಾವುದು ಅಂತ ಮನೆಯವರನ್ನೇ ಕೇಳಿ. ಊರ ನಡುವೆ ಇದ್ದರೆ ತಾನ್ ಡಿನ್ ಮಾರ್ಕೆಟ್ ಚೊಕ್ಕ, ಹತ್ತಿರದಲ್ಲೇ ಗುಲಾಬಿ ಬಣ್ಣದ ಚರ್ಚ್ ಇದೆ, ದಾರಿ ತಪ್ಪಲ್ಲ. ಹೊಯ್ ಆನ್‌ನಲ್ಲಿ ಮಾರ್ಕೆಟ್ ಹಳೇ ಊರಿನ ಒಳಗೇ, ನದಿ ದಂಡೆಗೆ ಹತ್ತಿಕೊಂಡು. ಅಲ್ಲಿ ಅಡುಗೆ ಕ್ಲಾಸಿನವರು ಪ್ರವಾಸಿಗರನ್ನು ಗುಂಪು ಗುಂಪಾಗಿ ಕರೆತರುತ್ತಾರೆ, ಅವರು ಬರುವ ಮೊದಲೇ ಮುಗಿಸಿ. ಹನೋಯ್ ನನಗೆ ಅಷ್ಟು ಗೊತ್ತಿರುವ ಊರಲ್ಲ. ಹಳೇ ಪೇಟೆಯ ಸಂದಿಗಳಲ್ಲಿ ಹೆಂಗಸರು ಕಾವಡಿ ಹೊತ್ತು ಹಣ್ಣು ತರುತ್ತಾರೆ, ಆ ಕಾವಡಿಯನ್ನು ನಿಮ್ಮ ಹೆಗಲಿಗೆ ಇಟ್ಟು ಫೋಟೋ ತೆಗೆಯಿರಿ ಅಂದರೆ ಬೇಡ ಅನ್ನಿ, ಆಮೇಲೆ ದುಡ್ಡು ಕೇಳುತ್ತಾರೆ. ಸ್ವೆಟರ್ ಒಯ್ಯಿರಿ, ಆಗ ಅಲ್ಲಿ ಚಳಿ, ಜಿಟಿಜಿಟಿ ಮಳೆ.

ಮೀನು ಮಾಂಸದ ಸಾಲು ತಪ್ಪಿಸೋಕೆ ಸುಲಭ ಉಪಾಯ, ನೆಲ ನೋಡಿ. ನೆಲ ಒದ್ದೆ ಆಗುತ್ತಾ ಹೋದರೆ ಮುಂದೆ ಮೀನು. ಒಣ ನೆಲದ ಮೇಲೇ ನಡೆಯಿರಿ. ಹಣ್ಣಿನ ಬಾಗಿಲಲ್ಲಿ ಒಳಗೆ ಹೋಗಿ ಹಣ್ಣಿನ ಬಾಗಿಲಲ್ಲೇ ಹೊರಗೆ ಬನ್ನಿ. ಜಾರದ ಚಪ್ಪಲಿ ಹಾಕಿಸಿ. ಸಂದಿಯ ಒಳಗೂ ಸ್ಕೂಟರ್ ನುಗ್ಗಿಸುತ್ತಾರೆ, ಗಾಡಿಯಿಂದ ಇಳಿಯದೆ ಬೆಂಡೆಕಾಯಿ ಕೊಳ್ಳುವವರು ಅವರು. ಅವ್ವಾರ ಕೈ ಹಿಡಿದೇ ಇರಿ.

ಬ್ಯಾಡಗಿ ಡಬ್ಬಿ:

ಅಕ್ಕಾವ್ರು ಎಲ್ಲಾ ಹೇಳಿದ್ದಾರೆ, ಖಾರದ ವಿಷಯ ನಾನು ಹೇಳುತ್ತೇನೆ. ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ.

ಒಣಮೆಣಸಿನಕಾಯಿ ಮನೆಯಿಂದಲೇ ಒಯ್ಯಿರಿ. ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಅದಕ್ಕೇ 2011ರಲ್ಲಿ ಜಿಐ, ಅಂದರೆ ಈ ಊರಿನದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದು. ನಿಮ್ಮ ಅವ್ವ ನಮ್ಮ ಕಾಯಿ ಲೆಕ್ಕದಲ್ಲಿ ಹಿಡಿ ತುಂಬ ಹಾಕುವವರು. ಅಲ್ಲಿಯ ಸಣ್ಣ ಕೆಂಪು ಹಸಿಮೆಣಸಿನಕಾಯಿ ಅದೇ ಲೆಕ್ಕದಲ್ಲಿ ಹಾಕಿದರೆ ಯಾರೂ ಊಟ ಮಾಡೋಕಾಗಲ್ಲ. ಕಿರುಬೆರಳ ಅರ್ಧ ಇರುತ್ತದೆ, ಉರಿ ಮಾತ್ರ ಕಿವಿವರೆಗೆ ಹೋಗುತ್ತದೆ. ಉದ್ದನೆಯದು ಸಿಗುತ್ತದೆ, ಅದು ಪರವಾಗಿಲ್ಲ. ಕೊಳ್ಳೋ ಮೊದಲು ತುದಿ ಮುರಿದು ನಾಲಿಗೆಗೆ ಮುಟ್ಟಿಸಿ ನೋಡಿ. ಅಂದಹಾಗೆ ಭಾರತದ ಒಣಮೆಣಸಿನಕಾಯಿ ಕೊಳ್ಳುವ ದೇಶಗಳಲ್ಲಿ ವಿಯೆಟ್ನಾಂ ಕೂಡ ಒಂದು. ಹೋಗುವುದು ಹೆಚ್ಚಾಗಿ ಗುಂಟೂರು ಕಡೆಯ ತೇಜ ಅನ್ನೋ ತಳಿ, ನಮ್ಮದಲ್ಲ.

ಹನೋಯ್‌ನಲ್ಲಿ ನಿಮ್ಮ ಅಪ್ಪಾವರಿಗೆ ನಿದ್ದೆ ಬರದಿದ್ದರೆ ಲಾಂಗ್ ಬಿಯೆನ್ ಮಾರ್ಕೆಟ್ ತೋರಿಸಿ. ಫ್ರೆಂಚರ ಕಾಲದ ಕಬ್ಬಿಣದ ಸೇತುವೆ ಬುಡದಲ್ಲಿ ಹಣ್ಣು, ತರಕಾರಿಯ ಹೋಲ್‌ಸೇಲ್. ರಾತ್ರಿ ಶುರುವಾಗಿ ಬೆಳಕು ಹರಿಯೋದರೊಳಗೆ ಮುಗಿಯುತ್ತದೆ. ಒಂದು ಕಿಲೋ ಎರಡು ಕಿಲೋ ಕೊಳ್ಳೋ ಜಾಗ ಅಲ್ಲ, ನೋಡೋ ಜಾಗ. ಲಾರಿ ಹಿಂದೆ ಬರುವಾಗ ಯಾರೂ ನಿಮಗೆ ಸರೀರಿ ಅಂತ ಹೇಳಲ್ಲ, ಗೋಡೆ ಹತ್ತಿರ ನಿಲ್ಲಿ. ನಾನು ನಮ್ಮ ಎಪಿಎಂಸಿ ಗದ್ದಲದಲ್ಲೇ ಬೆಳೆದವನು, ಆದರೂ ಅಲ್ಲಿ ಒಂದು ಗಳಿಗೆ ಎದೆ ಝಲ್ ಅಂತು.

ಕಾಳುಮೆಣಸು, ಗೋಡಂಬಿ ಅಲ್ಲಿಂದ ಹೊತ್ತು ತರಬೇಡಿ. ಎರಡರಲ್ಲೂ ಅವರೇ ಜಗತ್ತಿಗೆ ದೊಡ್ಡ ರಫ್ತುದಾರರು, ಅಂಗಡಿಯವರು ಅದನ್ನೇ ಕೈಗೆ ತುರುಕುತ್ತಾರೆ. ಶಿರಸಿ ನಮಗೆ ಎಷ್ಟು ದೂರ ಇದೆ?

ಕೇಶ್ವಾಪುರದವ:

ಅಕ್ಕಾರೇ, ಟೆಟ್ ವಿಷಯ ಹೇಳಿದ್ದಕ್ಕೆ ದೊಡ್ಡ ನಮಸ್ಕಾರ. ಟಿಕೆಟ್ ಬದಲಿಸೋಕೆ ಆಗಲ್ಲ, 4ನೇ ತಾರೀಖಿಗೆ ಸಾಮಾನು ತುಂಬಿಸಿಡುತ್ತೇವೆ. ಅವ್ವನಿಗೆ ನಿಮ್ಮ ಉತ್ತರ ಪೂರ್ತಿ ಓದಿ ಹೇಳಿದೆ. ಕಾಗದ ಸುಡೋ ವಿಷಯಕ್ಕೆ ‘ಸರಿ ಮಾಡ್ತಾರ, ಬೋಣಿ ಹೊತ್ತಿಗೆ ಆಟ ಆಡ್ತಾರೇನು’ ಅಂದಳು. ಸೋಯಾ ಕೋಳಿ ಕಾಲಿಗೆ ಮಾತ್ರ ಮುಖ ಸಿಂಡರಿಸಿದಳು.

ಎರಡು ಪ್ರಶ್ನೆ ಉಳಿದಿದೆ. ಮೊಸರು ಸಿಗುತ್ತದಾ? ಮೊಸರಿಲ್ಲದೆ ಅಪ್ಪನ ಊಟ ಮುಗಿಯಲ್ಲ. ಹಣ್ಣು ಯಾವುದು ತಿನ್ನಬೇಕು, ಒಂದಿಷ್ಟು ಊರಿಗೆ ತರಬಹುದಾ?

ಧಾರವಾಡದಕ್ಕ:

ಮೊಸರಿಗೆ ಸೂಪರ್ ಮಾರ್ಕೆಟ್‌ಗೇ ಹೋಗಬೇಕು, ಓಣಿ ಮಾರ್ಕೆಟ್‌ನಲ್ಲಿ ಇಲ್ಲ. ಸಣ್ಣ ಕಪ್‌ಗಳಲ್ಲಿ ಬರುತ್ತದೆ, ಬಹುಪಾಲು ಸಿಹಿ. ಸಕ್ಕರೆ ಇಲ್ಲದ್ದು ಬೇರೆ ಇರುತ್ತದೆ, ಫೋನ್‌ನಲ್ಲಿ ಅನುವಾದದ ಕ್ಯಾಮೆರಾ ಹಿಡಿದು ನೋಡಿ. ಹಿಂದಿನ ಪಟ್ಟಿಯನ್ನೂ ಓದಿ, ಕೆಲವು ಕಂಪನಿಯವರು ಗಟ್ಟಿ ಆಗಲಿ ಅಂತ ಜೆಲಾಟಿನ್ ಹಾಕಿರುತ್ತಾರೆ, ಅದು ಪ್ರಾಣಿಯದ್ದು. ಜೆಲಾಟಿನ್ ಇಲ್ಲದ್ದು ಒಂದು ಕಪ್ ಸಿಕ್ಕರೆ ಸಾಕು, ಅದೇ ಹೆಪ್ಪು. ಡಬ್ಬದ ಹಾಲು ಸಿಹಿ ಇಲ್ಲದ್ದು ತಂದು ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿ. ಸೈಗಾನ್ ಸೆಕೆಗೆ ಚೆನ್ನಾಗಿ ಕೂಡುತ್ತದೆ. ಹನೋಯ್ ಚಳಿಯಲ್ಲಿ ಟವೆಲ್ ಸುತ್ತಿ ಇಡಬೇಕು.

ಹಣ್ಣಿಗೆ ನೀವು ಹೋಗುವ ಕಾಲ ಕೆಟ್ಟದ್ದಲ್ಲ. ಮ್ಯಾಂಗೊಸ್ಟೀನ್, ರಾಂಬುಟಾನ್ ಅಂತ ಆಸೆ ಇಟ್ಟುಕೊಳ್ಳಬೇಡಿ, ಅವು ಬೇಸಿಗೆಯ ಕೊನೆ, ಮಳೆಗಾಲದ ಹಣ್ಣು. ಫೆಬ್ರುವರಿಯಲ್ಲಿ ಹಾಲು ಹಣ್ಣು ಅಂತ ಒಂದು ಇರುತ್ತದೆ, ಹಸಿರು ಇಲ್ಲವೇ ನೇರಳೆ ಬಣ್ಣ, ಕ್ರಿಕೆಟ್ ಬಾಲ್ ಗಾತ್ರ. ಕೈಯಲ್ಲಿ ಮೆಲ್ಲಗೆ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಅಡ್ಡ ಕತ್ತರಿಸಿ ಚಮಚದಲ್ಲಿ ತಿನ್ನೋದು. ಒಳಗೆ ಬೆಳ್ಳಗೆ, ಹಾಲಿನ ಹಾಗೆ ರಸ. ಸಿಪ್ಪೆಗೆ ಅಂಟು ಇದೆ, ಬಾಯಿ ತಾಗಿಸಬೇಡಿ. ಚಕ್ಕೋತ ಯಾವಾಗಲೂ ಚೆನ್ನ. ಡ್ರ್ಯಾಗನ್ ಹಣ್ಣು ವರ್ಷವಿಡೀ ಸಿಗುತ್ತದೆ, ಸೀಸನ್ ಇಲ್ಲದಾಗ ತೋಟಕ್ಕೆಲ್ಲ ರಾತ್ರಿ ಬಲ್ಬ್ ಹಾಕಿ ಹೂ ಬಿಡಿಸುತ್ತಾರೆ. ರಾತ್ರಿ ಬಸ್ಸಿನಿಂದ ನೋಡಿದರೆ ಊರಿಗೆ ಊರೇ ದೀಪ. ರುಚಿ ನನಗೇನೂ ಅನ್ನಿಸಲಿಲ್ಲ, ನೋಡೋಕಷ್ಟೇ ಚೆಂದ.

ಪೇರಲ ತಿನ್ನಿ. ನವಲೂರು ಪೇರಲ ತಿಂದು ಬೆಳೆದ ನಾಲಿಗೆಗೆ ಅವರದ್ದು ಸಪ್ಪೆ, ಆದರೆ ಕರುಂಕುರುಂ ಅನ್ನುತ್ತದೆ. ಉಪ್ಪು ಖಾರ ಕುಟ್ಟಿದ ಪುಡಿಯನ್ನು ಅವರೇ ಸಣ್ಣ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದರಲ್ಲಿ ಕೆಲವು ಕಡೆ ಒಣ ಸಿಗಡಿ ಪುಡಿ ಸೇರಿರುತ್ತದೆ, ಹಾಗಾಗಿ ಅವ್ವಾರು ನಿಮ್ಮ ಡಬ್ಬಿಯ ಉಪ್ಪು ಖಾರವನ್ನೇ ಹಚ್ಚಿಕೊಳ್ಳಲಿ. ಕಬ್ಬಿನ ಹಾಲಿಗೆ ಸಣ್ಣ ಕಿತ್ತಳೆ ಸಿಪ್ಪೆ ಸಮೇತ ಹಾಕಿ ಹಿಂಡುತ್ತಾರೆ, ಅದನ್ನು ಮಾತ್ರ ಬಿಡಬೇಡಿ. ಕತ್ತರಿಸಿಟ್ಟ ಹಣ್ಣು ಬೇಡ, ಇಡಿಯಾಗಿ ತಂದು ಮನೆಯಲ್ಲಿ ತೊಳೆದು ಕತ್ತರಿಸಿ. ನಲ್ಲಿ ನೀರು ಕುಡಿಯೋ ಹಾಗಿಲ್ಲ, ಅಡುಗೆಗೂ ಕ್ಯಾನ್ ನೀರೇ ಇರಲಿ.

ಡ್ಯೂರಿಯನ್ ಹೊರಗೇ ತಿಂದು ಮುಗಿಸಿ. ನೋಡೋಕೆ ಹಲಸಿನ ತಮ್ಮ, ವಾಸನೆ ಬೇರೆ ಜಾತಿ. ಬಹಳ ಹೋಟೆಲ್‌ಗಳಲ್ಲಿ ಒಳಗೆ ತರಬಾರದು ಅಂತ ಚಿತ್ರ ಸಮೇತ ಬೋರ್ಡ್ ಇರುತ್ತದೆ.

ಊರಿಗೆ ತಾಜಾ ಹಣ್ಣು, ಬೀಜ, ಸಸಿ ತರಬೇಡಿ. ಗಿಡಗಳ ರೋಗ ತಡೆಯೋಕೆ ನಮ್ಮ ಸರ್ಕಾರದ 2003ರ ಆದೇಶ ಇದೆ, ಪರವಾನಗಿ ಪತ್ರ ಇಲ್ಲದೆ ತಂದರೆ ಏರ್‌ಪೋರ್ಟ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಒಣಗಿಸಿದ ಹಲಸಿನ ಚಿಪ್ಸ್, ಎಳ್ಳು ಶೇಂಗಾ ಚಿಕ್ಕಿ ಸೀಲ್ ಆದ ಪ್ಯಾಕೆಟ್‌ನಲ್ಲಿ ತನ್ನಿ, ಓಣಿಗೆಲ್ಲ ಹಂಚೋಕೆ ಆಗುತ್ತದೆ.

ಉಣಕಲ್ ಕೆರೆ:

ಇಷ್ಟೆಲ್ಲಾ ಓದಿದ ಮೇಲೆ ನನಗೂ ಹೋಗೋ ಮನಸ್ಸಾಯ್ತು. ಆದರೂ ನಾಲ್ಕು ಪ್ಯಾಕೆಟ್ ಉಪ್ಪಿಟ್ಟು ಇಟ್ಟುಕೊಳ್ಳಿ ಮಾರಾಯ್ರೇ, ಟೆಟ್ ದಿನ ಕೈ ಹಿಡಿಯುತ್ತದೆ.

ಬೆಟಗೇರಿಯಿಂದ:

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಹಿಂಡಿ, ಖಾರದ ಪುಡಿ, ಒಣಮೆಣಸಿನಕಾಯಿ, ಎಣ್ಣೆ ಇರುವ ಉಪ್ಪಿನಕಾಯಿ ಯಾವುದನ್ನೂ ಕೈಚೀಲದಲ್ಲಿ ಇಡಬೇಡಿ. ಖಾರದ ಪುಡಿ ಕ್ಯಾಬಿನ್‌ಗೆ ಬಿಡೋದಿಲ್ಲ. ಎಲ್ಲಾ ಚೆಕ್-ಇನ್ ಬ್ಯಾಗ್‌ಗೆ ಹಾಕಿ. ಖಡಕ್ ರೊಟ್ಟಿಯನ್ನು ಮಾತ್ರ ಕೈಚೀಲದಲ್ಲೇ ಒಯ್ಯಿರಿ. ಬ್ಯಾಗ್ ಎಸೆಯೋ ರಭಸಕ್ಕೆ ಕೆಳಗೆ ಹಾಕಿದ ರೊಟ್ಟಿ ನುಚ್ಚಾಗಿ ಬರುತ್ತದೆ. ಸ್ಟೀಲ್ ಡಬ್ಬಿ ದುಂಡಗಿನದು, ರೊಟ್ಟಿ ಅಳತೆಯದೇ ಇದ್ದರೆ ಒಳ್ಳೆಯದು. ಸ್ಕ್ಯಾನರ್ ಹತ್ತಿರ ತೆಗೆದು ತೋರಿಸು ಅಂದರೆ ತೋರಿಸಿ, ನಮ್ಮ ಕಡೆಯ ಸೆಕ್ಯುರಿಟಿಯವರಾದರೆ ಹಿಂಡಿ ಎಲ್ಲಿ ಅಂತ ಅವರೇ ಕೇಳುತ್ತಾರೆ.